ಗಿರ್ಮಿಟ್ಟಿನ ಎದುರು ನಮ್ಮ ಹೋರಾಟ

ತಿಂದ ಬಾಯಲ್ಲೇ ಜಗಳವಾಡಲು ನನಗೆ ಬರುವುದಿಲ್ಲ. ನನ್ನ ಹೆಂಡತಿ ಇದನ್ನು ದೊಡ್ಡ ಗುಣ ಅನ್ನುತ್ತಾಳೆ; ನೌಕರರ ಸಂಘದ ಕಾರ್ಯದರ್ಶಿಯಾದ ನನಗೆ ಮಾತ್ರ ಇದಕ್ಕಿಂತ ಕೆಟ್ಟ ರೋಗ ಇನ್ನೊಂದಿಲ್ಲ. ನಾವು ಸರಕಾರಿ ನೌಕರರು, ಮುಷ್ಕರ ಅಂದರೆ ನೋಟಿಸು ಬರುತ್ತದೆ. ಉಳಿದ ಹಕ್ಕೆಂದರೆ ಒಟ್ಟಾಗಿ ಸಾಹೇಬರೆದುರು ಕೂತು ಬೇಡಿಕೆ ಇಡುವುದು. ಆದರೆ ನಮ್ಮ ಬೀಳಗಿ ಕಡೆ ಎದುರು ಕೂತವರಿಗೆ ಏನಾದರೂ ತಿನ್ನಿಸದೆ ಯಾರೂ ಮಾತು ಶುರು ಮಾಡುವುದಿಲ್ಲವಲ್ಲ!

ಬೇಡಿಕೆ ಇಷ್ಟೇ: ಕಚೇರಿಯ ಹೆಣ್ಣುಮಕ್ಕಳಿಗೊಂದು ಶೌಚಾಲಯ. ಗಂಡಸರಿಗೆ ಒಂದಿತ್ತು, ಸಾಹೇಬರಿಗೆ ಬೀಗ ಹಾಕಿದ್ದೊಂದಿತ್ತು. ಟೈಪಿಸ್ಟ್ ಮಹಾದೇವಿ ಮತ್ತು ಅವಳ ಜೊತೆಯವರು ಎದುರು ಓಣಿಯ ಮನೆಗಳಲ್ಲಿ ಕೇಳಿಕೊಂಡು ಹೋಗಬೇಕು. ಆ ನಾಚಿಕೆಗೆ ಪಾಪ, ದಿನವಿಡೀ ನೀರೇ ಕುಡಿಯುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಗಂಡಸರ ದಂಡು ಕಟ್ಟಿಕೊಂಡು ಒಳಗೆ ನುಗ್ಗಿದೆ. "ಬರ್ರಿ ಬರ್ರಿ, ಮೊದಲ ಸ್ವಲ್ಪ ತಿನ್ರಿ" ಅಂದರು ಸಾಹೇಬರು. ಚುರುಮುರಿ ಕಲಸಿದ ಗಿರ್ಮಿಟ್ಟು, ಬಿಸಿ ಮಿರ್ಚಿ ಭಜಿ, ಮೇಲೆ ಚಹಾ. ಇಷ್ಟು ತಿಂದು ಹೇಗೆ ಬಾಯಿ ಮಾಡುವುದು? ಕೈ ಮುಗಿದು ಹೊರಗೆ ಬಂದೆವು.

"ಏನಾತ್ರೀ ಅಣ್ಣಾರ?" ಅಂದಳು ಮಹಾದೇವಿ.

"ಭಾಳ ಛಲೋ ಆತವಾ."

"ಏನ್ ಛಲೋ ಆತ್ರಿ?"

"ಗಿರ್ಮಿಟ್ಟು" ಅಂತ ಬಾಯಿಂದ ಬಂದೇಬಿಟ್ಟಿತು.

ಮುಂದಿನ ಸಲ ಜಾಣನಾದೆ. ಶ್ರಾವಣ ಸೋಮವಾರ ನೋಡಿ, ಉಪವಾಸ ಇರುವವರನ್ನೇ ಆರಿಸಿ ಕರೆದೊಯ್ದೆ. ಸಾಹೇಬರು ನಕ್ಕರು. "ನಿಮಗ ಉಪವಾಸ ಅಂತ ಗೊತ್ತಿತ್ರಿ. ಮನ್ಯಾಗ ಹೇಳಿ ಸಾಬೂದಾನಿ ಖಿಚಡಿ ಮಾಡಿಸೇನಿ." ಶೇಂಗಾ ಧಾರಾಳವಾಗಿ ಬಿದ್ದಿತ್ತು. ಮತ್ತೆ ಕೈ ಮುಗಿದೆವು.

ಮರುದಿನ ಹೆಣ್ಣುಮಕ್ಕಳೇ ಹೋದರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಅವರೂ ಸಮಾಧಾನದಿಂದ ತಿಂದರು, ಎರಡೆರಡು ಕಪ್ಪು ಚಹಾ ಕುಡಿದರು. ಆಮೇಲೆ ಮಹಾದೇವಿ, "ಸಾಹೇಬ್ರ, ಇಷ್ಟ್ ಚಹಾ ಕುಡಿಸೀರಿ, ಈಗ ನಾವು ಎಲ್ಲಿಗಿ ಹೋಗೂಣ್ರಿ? ನಿಮ್ಮ ಕೀಲಿಕೈ ಕೊಡ್ರಿ. ನಮ್ದು ಕಟ್ಟೂತನಕ ನಮ್ಮ ಕಡೇನ ಇರ್ಲಿ" ಅಂದಳು. ಸಾಹೇಬರು ಮೇಜಿನ ಖಾನೆ ಎಳೆದರು. ಕೀಲಿಕೈ ಕೊಟ್ಟರು.

ಅಂದಿನಿಂದ ಸಾಹೇಬರು ಗಂಡಸರ ಶೌಚಾಲಯಕ್ಕೇ ಹೋಗಬೇಕಾಯಿತು. ಅದರ ಅವಸ್ಥೆ ಅವರಿಗೆ ಹೊಸದು. ವಾರದೊಳಗೆ ಹಿತ್ತಲಲ್ಲಿ ಪಾಯ ತೋಡುವ ಕೆಲಸ ಶುರುವಾಯಿತು. ಆದರೂ ಅಷ್ಟು ದಿನ ತಡೆಯುವುದು ಅವರಿಂದ ಆಗಲಿಲ್ಲ. ನನ್ನನ್ನು ಕರೆದು, "ನೀವು ಸಂಘದವ್ರು, ಅವ್ರಿಗೆ ಹೇಳಿ ಒಂದೀಟ ಕೀಲಿಕೈ ಕೊಡಸ್ರಿ" ಅಂದರು. ಮಹಾದೇವಿಯನ್ನು ಕೇಳಿದೆ.

"ಸಾಹೇಬ್ರು ಮನವಿ ಕೊಡ್ಲಿ ಅಣ್ಣಾರ. ಎಲ್ಲಾರೂ ಕೂತು ವಿಚಾರ ಮಾಡ್ತೀವಿ."

ಆ ಮನವಿ ಬರೆದುಕೊಟ್ಟವನು ನಾನೇ. ಯಾರೂ ಕಿವಿಗೆ ಹಾಕಿಕೊಳ್ಳದ ಮನವಿ ಬರೆಯುವುದರಲ್ಲಿ ನನ್ನಷ್ಟು ಅನುಭವ ಇಡೀ ಕಚೇರಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ.