ಕಾಕತುವ ಎಂದರೆ ಯಾರು?

ಶಿಸ್ತಿನ ಮನುಷ್ಯನಿಗೆ ನೆಂಟರೂ ಪಕ್ಷಿಗಳೂ ಒಂದೇ. ಇಬ್ಬರೂ ಹೇಳಿ ಬರುವುದಿಲ್ಲ, ಹೊತ್ತುಗೊತ್ತಿಲ್ಲದೆ ಮಾತಾಡುತ್ತಾರೆ. ಜಯನಗರದಲ್ಲಿ ಇನ್ನೂ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲದಲ್ಲಿ ನನ್ನ ಮನೆಗೆ ಇಬ್ಬರೂ ಒಟ್ಟಿಗೆ ಬಂದರು.

ನೆಂಟರೆಂದರೆ ನನ್ನ ಹೆಂಡತಿಯ ಅಕ್ಕ. ಗಂಡನ ಜೊತೆ ಮಲಯಾದ ರಬ್ಬರ್ ತೋಟದಲ್ಲಿ ಬಹಳ ವರ್ಷ ಇದ್ದವರು. ಅವರು ಬಂದಂದಿನಿಂದ ಬಚ್ಚಲುಮನೆಯ ಬಿಸಿನೀರಿನ ಮೊದಲ ಹಕ್ಕು ನನ್ನ ಕೈತಪ್ಪಿತ್ತು. ಆದರೆ ಉಸಿರೆತ್ತುವಂತಿರಲಿಲ್ಲ. "ಅಕ್ಕ ನಗ್ತಾ ಬಂದಿದ್ದಾಳೆ, ನಗ್ತಾನೇ ಹೋಗ್ಬೇಕು. ಅವಳ ಮುಖ ಸಪ್ಪಗಾಯ್ತೋ, ಅದೇ ರೈಲಿಗೆ ನಾನೂ ಹತ್ತಿದೆ ಅಂತ ತಿಳ್ಕೊಳ್ಳಿ" ಎಂದು ಹೆಂಡತಿ ಎಚ್ಚರಿಸಿದ್ದಳು. ಸೋಮವಾರದ ರೈಲಿಗೆ ಅಕ್ಕ ಹೊರಡುವವರಿದ್ದರು. ನಾನು ಬಾಯಿ ಬಿಗಿಹಿಡಿದು ಸೋಮವಾರಕ್ಕೆ ಕಾಯುತ್ತಿದ್ದೆ.

ಪಕ್ಷಿಯೆಂದರೆ ಒಂದು ಕಾಕತುವ. ಯಾರ ಪಂಜರದಿಂದಲೋ ತಪ್ಪಿಸಿಕೊಂಡು ಲಾಲ್‌ಬಾಗಿನ ಕಡೆ ಸ್ವತಂತ್ರವಾಗಿ ಬದುಕುತ್ತಿದ್ದ, ಗಿಳಿ ಜಾತಿಯ ಬಿಳಿಯ ಹಕ್ಕಿ. ನಮ್ಮ ಹೊಂಗೆಮರದಲ್ಲಿ ಕೂತು, ಹಳದಿ ಜುಟ್ಟು ಬಿಚ್ಚಿ, ಇಡೀ ಬೀದಿಯನ್ನು ಬೈಯುತ್ತಿತ್ತು. ಅಕ್ಕನಿಗೆ ಹಳೆಯ ಪರಿಚಯದವರು ಸಿಕ್ಕಷ್ಟು ಸಂತೋಷ. "ಇದರ ಹೆಸರು ಮಲಯಾ ಭಾಷೇದು. ಕಾಕಾ ಅಂದ್ರೆ ಅಕ್ಕ, ತುವಾ ಅಂದ್ರೆ ಹಿರಿಯಳು ಅಂತ ಕೆಲವರು ಹೇಳ್ತಾರೆ. ಆ ಕೊಕ್ಕು ನೋಡಿ ಇಕ್ಕಳ ಅನ್ನೋರೂ ಇದಾರೆ" ಎಂದರು.

ಮಾರನೆಯ ಬೆಳಗ್ಗೆ ಪಕ್ಕದ ಮನೆಯ ಶಾಮಣ್ಣ ಗೇಟಿನ ಬಳಿ ನಿಂತು, "ರಾಯರೇ, ಕಾಕತುವ ಅಂದ್ರೆ ಕಾಗೆ ಜಾತೀದೇನ್ರೀ?" ಎಂದರು. ಅವರಿಗೆ ಕಿವಿ ಸ್ವಲ್ಪ ಮಂದ. ನಾನು ಕೂಗಿ ಹೇಳಿದೆ: "ಅಲ್ಲ ಸ್ವಾಮಿ, ಮುದಿ ಅಕ್ಕ! ಬೆಳಗಾದ್ರೆ ಶುರು ಮಾಡುತ್ತೆ. ಯಾವಾಗ ತೊಲಗುತ್ತೋ!"

ಹಿಂದೆ ಅವರೆಕಾಯಿ ಬಿಡಿಸುವ ಸದ್ದು ನಿಂತಿತು. ತಿರುಗಿದೆ. ಜಗುಲಿಯಲ್ಲಿ ಅಕ್ಕ.

"ಹಕ್ಕಿ ವಿಷಯ ಅಕ್ಕ! ನೀವೇ ಹೇಳಿದ್ರಲ್ಲ!"

"ನಾನು ಹೇಳಿದ್ದು ಹಿರಿಯಕ್ಕ. ಮುದಿ ನೀವು ಸೇರಿಸಿದ್ದು."

"ಇಕ್ಕಳ ಅಂತಲೂ ಇದೆಯಲ್ಲ. ಹಿಡಿದ್ರೆ ಬಿಡಲ್ಲ ಅನ್ನೋ ಅರ್ಥದಲ್ಲಿ..."

"ಸಾಕು, ಅರ್ಥ ಹೇಳಿದ್ದು!" ಅಡುಗೆಮನೆಯಿಂದ ಹೆಂಡತಿ ಕೂಗಿದಳು.

ಅಕ್ಕನ ಮುಖ ಬಿಗಿದೇ ಇತ್ತು. ಆಮೇಲೆ ತುಟಿ ಅದುರಿತು, ಭುಜ ಕುಲುಕಿತು. ಅವರೆಕಾಯಿಯ ಮೊರ ಚೆಲ್ಲುವಷ್ಟು ನಕ್ಕರು. ನನಗೆ ಹೋದ ಜೀವ ಬಂತು.

"ಸೋಮವಾರ ಹೊರಟ್ರೆ ನೀವೇ ಓಡಿಸಿದ್ರಿ ಅಂತ ಶಾಮಣ್ಣೋರು ತಿಳ್ಕೋತಾರೆ. ನಿಮ್ಮ ಮರ್ಯಾದೆಗೋಸ್ಕರ ಯುಗಾದಿವರೆಗೂ ಇರ್ತೀನಿ ಬಿಡಿ" ಎಂದರು.

ಹಕ್ಕಿ ಅಂದೇ ಹಾರಿಹೋಯಿತು. ಸಂಜೆ ಶಾಮಣ್ಣ ಮತ್ತೆ ಬಂದು, "ಬೆಳಗ್ಗೆ ಸರಿಯಾಗಿ ಕೇಳಿಸ್ಲಿಲ್ಲ. ಕೊನೆಗೆ ಏನಂತ್ರೀ ಅದರ ಅರ್ಥ?" ಎಂದರು. ಅಕ್ಕ ಜಗುಲಿಯಲ್ಲೇ ಇದ್ದರು.

"ಕಾಗೆ ಜಾತೀದೇ ಸ್ವಾಮಿ" ಎಂದೆ.