ಯೂ-ಟರ್ನ್ ಹೊಡೆಯದೆ ಜಗಳೂರಿಗೆ ಹೋದವನಿಂದ ‘ಟರ್ನ್’ ಎಂಬ ಕ್ರಿಯಾಪದಕ್ಕೆ

ಮಾನ್ಯರೇ,

ಇಂಗ್ಲಿಷ್ ನಿಘಂಟಿನ ಹಲವು ಪುಟಗಳನ್ನು ಒಬ್ಬರೇ ಆಕ್ರಮಿಸಿಕೊಂಡು ಸುಖವಾಗಿರುವ ತಮ್ಮ ಸನ್ನಿಧಾನಕ್ಕೆ ನ್ಯಾಮತಿಯ ವಿರೂಪಾಕ್ಷಪ್ಪನ ಸಾಷ್ಟಾಂಗ ನಮಸ್ಕಾರಗಳು. ಜಗತ್ತನ್ನೇ ತಿರುಗಿಸುತ್ತಿರುವ ತಮ್ಮ ಕ್ಷೇಮಕ್ಕೆ ಏನೂ ಕೊರತೆ ಇರಲಾರದು.

ನಾನು ತಮಗೆ ಹೊಸಬನಲ್ಲ. ಬಿ.ಎ. ಓದುವಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದಿಡೀ ಪೀರಿಯಡ್ ತಮ್ಮ ವಂಶಾವಳಿ ಹೇಳಿದ್ದರು: ಗ್ರೀಕರಲ್ಲಿ ತೋರ್ನೋಸ್ ಎಂಬ ಸಲಕರಣೆ ಇತ್ತಂತೆ, ವೃತ್ತ ಎಳೆಯುವುದಕ್ಕೋ ಮರ ಕಡೆಯುವುದಕ್ಕೋ, ಎರಡರಲ್ಲೊಂದು, ಲ್ಯಾಟಿನ್‌ನವರು ಅದನ್ನು ಕ್ರಿಯಾಪದ ಮಾಡಿದರಂತೆ, ನಡುವೆ ಫ್ರೆಂಚರೂ ಕೈ ಆಡಿಸಿದರಂತೆ. ಅಂದರೆ ಮೂಲದಲ್ಲಿ ತಾವು ನಮ್ಮ ಬಡಗಿ ಗಿಡ್ಡಪ್ಪನ ಲೇತ್ ಮಿಷನ್ನಿನ ಬಳಗದವರು, ಲಟ್ಟಣಿಗೆ, ತೊಟ್ಟಿಲ ಕಾಲು ಮುಂತಾದ ಮರ್ಯಾದಸ್ಥ ವಸ್ತುಗಳನ್ನು ದುಂಡಗೆ ಮಾಡಿಕೊಂಡಿದ್ದವರು. ಈಗ ನೋಡಿದರೆ ಹಾಲು ಒಡೆದರೂ ತಾವೇ, ಎಲೆ ಹಣ್ಣಾದರೂ ತಾವೇ, ಮನುಷ್ಯನಿಗೆ ಅರವತ್ತು ತುಂಬಿದರೂ ತಾವೇ, ಸರದಿ ಬಂದರೂ ತಾವೇ, ಬಂದ ಸಂಬಂಧವನ್ನು ಬೇಡವೆಂದರೂ ತಾವೇ. ಇಷ್ಟು ದುಡಿದರೂ ತಮಗಿನ್ನೂ ನಮ್ಮ ತಾಲ್ಲೂಕಿನಿಂದ ಒಂದು ಶಾಲು ಹೊದಿಸಿಲ್ಲವಲ್ಲ. ನ್ಯಾಮತಿ ಮೊನ್ನೆ ಮೊನ್ನೆ ತಾಲ್ಲೂಕಾಗಿದೆ, ಕ್ಷಮಿಸಬೇಕು.

ಆದರೆ ಹೋದ ಭಾನುವಾರ ತಾವು ಫೋನಿನ ಮ್ಯಾಪಿನ ಹೆಂಗಸಿನ ಬಾಯಲ್ಲಿ ಕೂತು ನನ್ನ ಎರಡನೇ ಮದುವೆಗೇ ಕೈ ಹಾಕಿದ್ದನ್ನು ಸಹಿಸಲಾರೆ. ನನ್ನ ಹೆಂಡತಿ ಚೌಡೇಶ್ವರಿ ತೀರಿಕೊಂಡ ಮೇಲೆ ನಾನು ಟಿವಿಯೊಂದಿಗೇ ಜಗಳವಾಡುತ್ತ ದಿನ ತಳ್ಳಿದವನು. ಜಗಳೂರಿನಲ್ಲಿ ಟೈಲರಿಂಗ್ ಅಂಗಡಿ ನಡೆಸುವ, ನನ್ನಂತೆಯೇ ಒಂಟಿಯಾದ ಕಸ್ತೂರಮ್ಮನವರನ್ನು ನೋಡಲು ತಂಗಿ ನೇತ್ರಾವತಿ, ಅವಳ ಮಗ ಮಾಲತೇಶನ ಜೊತೆ ಕಾರಿನಲ್ಲಿ ಹೊರಟೆ. ರಾಹುಕಾಲಕ್ಕೆ ಮುಂಚೆ ಬಂದರೆ ಮಾತು, ಇಲ್ಲದಿದ್ದರೆ ಸಂಬಂಧವೇ ಬೇಡವೆಂದು ಆಕೆಯ ತಮ್ಮ ಸತೀಶ್ ಕುಮಾರ್ ಖಡಾಖಂಡಿತ ಹೇಳಿದ್ದರು.

ಹೊನ್ನಾಳಿಯಲ್ಲಿ ನಾವು ದಾವಣಗೆರೆ ರಸ್ತೆ ಬಿಟ್ಟು ಚನ್ನಗಿರಿ ರಸ್ತೆ ಹಿಡಿದದ್ದು ನಮ್ಮದೇ ತಪ್ಪು. ಕೂಡಲೇ ತಮ್ಮ ಹೆಂಗಸು ಯೂ-ಟರ್ನ್ ಹೊಡೆಯಿರಿ ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸಿದಳು. ಶುಭಕ್ಕೆ ಹೊರಟವರು ಹಿಂದಿರುಗಬಾರದು ಎಂಬ ನಮ್ಮ ಕಡೆಯ ಪದ್ಧತಿಯನ್ನು ತಾವು ಆಕೆಗೆ ಕಲಿಸಿಲ್ಲವೇ? ಹಿಂದಿನ ಸೀಟಿನಿಂದ ನೇತ್ರಾವತಿ ಗುಡುಗಿದಳು: “ಏಯ್ ಮಾಲತೇಶ, ಹೆಣ್ಣು ನೋಡಾಕೆ ಹೊರಟ ಗಾಡಿ ಹಿಂದಕ್ಕೆ ತಿರುಗಿಸ್ತೀಯೇನೋ? ಮುಂದಕ್ಕೇ ಹೋಗು, ಭೂಮಿ ದುಂಡಗೈತೆ!”

“ಭೂಮಿ ದುಂಡಗೈತೆ ಕಣಮ್ಮ, ಪೆಟ್ರೋಲ್ ಟ್ಯಾಂಕ್ ಸಣ್ಣದೈತೆ,” ಎಂದ ಅವನು.

ಹೀಗೆ ಚನ್ನಗಿರಿ ಕಂಡು, ಕೆರೆಬಿಳಚಿ ಕಂಡು, ಆ ಹೆಂಗಸು ಬೇಡಿಕೊಂಡಷ್ಟೂ ಮುಂದಕ್ಕೇ ಹೋಗಿ, ನಡು ರಾಹುಕಾಲದಲ್ಲಿ ಜಗಳೂರು ಮುಟ್ಟಿದೆವು. ಸತೀಶ್ ಕುಮಾರ್ ಗೇಟು ಬಿಟ್ಟು ಕದಲಲಿಲ್ಲ. ಒಳಗಿನಿಂದ ಕಸ್ತೂರಮ್ಮನವರ ಧ್ವನಿ ಬಂತು: “ಅವರೇನು ಈಗ್ಲೇ ತಾಳಿ ಕಟ್ತಾರೇನೋ? ಒಳಗೆ ಕರಿ, ಮುಖ ಬಾಡಿ ಹೋಗೈತೆ.” ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿ, ನಮ್ಮ ಕಥೆ ಕೇಳಿ ಮನಸಾರೆ ನಕ್ಕರು. ಆಮೇಲೆ ನನ್ನನ್ನೇ ನೋಡಿ ಹೇಳಿದರು: “ದಾರಿ ತಪ್ಪೈತೆ ಅಂತ ಗೊತ್ತಾದ್ರೂ ತಿರುಗಿಸದೇ ಇರೋರ ಜೊತೆ ಹೆಂಗ್ರೀ ಬಾಳೋದು? ಮುಂದಿನ ಭಾನುವಾರ ಒಬ್ರೇ ಬರ್ರಿ, ನೋಡನ.”

ಆದ್ದರಿಂದ ಮಾನ್ಯರೇ, ಈ ಭಾನುವಾರ ನ್ಯಾಮತಿಯಿಂದ ಜಗಳೂರಿನವರೆಗಿನ ಪ್ರತಿ ಸರ್ಕಲ್ಲಿನಲ್ಲೂ ನನಗೊಂದು ತಪ್ಪು ದಾರಿ ಒದಗಿಸಿ, ಪ್ರತಿ ಸಲವೂ ನಾನು ಮರ್ಯಾದೆಯಿಂದ ಹಿಂದಿರುಗುವುದನ್ನು ಕಸ್ತೂರಮ್ಮನವರು ಅವರ ಫೋನಿನ ಮ್ಯಾಪಿನಲ್ಲೇ ನೋಡುವಂತೆ ಏರ್ಪಾಡು ಮಾಡಿಕೊಡಬೇಕಾಗಿ ಪ್ರಾರ್ಥನೆ.

ಇಂತಿ,
ದಿಕ್ಕು ತಪ್ಪಿದರೂ ತಮ್ಮ ವಿಶ್ವಾಸಿಯಾದ
ವಿರೂಪಾಕ್ಷಪ್ಪ, ನ್ಯಾಮತಿ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವಷ್ಟರಲ್ಲಿ ಭಾನುವಾರ ಕಳೆದು, ದಾರಿ ತಪ್ಪಿದಲ್ಲೆಲ್ಲ ತಿರುಗಿಸಿಕೊಂಡೇ ಬಂದ ನನ್ನನ್ನು ಕಸ್ತೂರಮ್ಮನವರು ಒಪ್ಪಿದ್ದಾರೆ. ರಿಜಿಸ್ಟರ್ ಆಫೀಸಿಗೆ ಕಾರು ಓಡಿಸುವವರು ಅವರೇ ಅಂತೆ. ತಾವೂ ತಮ್ಮ ಆ ಹೆಂಗಸೂ ಹಿಂದಿನ ಸೀಟಿನಲ್ಲಿ ನೇತ್ರಾವತಿಯ ಪಕ್ಕ ಕೂರತಕ್ಕದ್ದು. ನೇತ್ರಾವತಿ ಅವಕಾಶ ಬಿಟ್ಟುಕೊಟ್ಟರೆ ಮಾತಾಡಬಹುದು.