ತೀರ್ಥ ಬಿದ್ದ ಸೈಲೆನ್ಸರ್

ಮೋಟಾರ್‌ಸೈಕಲ್ ಮಾರುತ್ತೇನೆ ಎಂದು ಅರ್ನೋಬಿಯೊ ಹೆಂಡತಿಗೆ ಮಾತು ಕೊಟ್ಟದ್ದು ನಿಜ. ಆದರೆ ಅದರ ಸೈಲೆನ್ಸರನ್ನೂ ಮಾರುತ್ತೇನೆ ಎಂದು ಅವನು ಯಾವಾಗ ಹೇಳಿದ್ದ? ಟುಲುವಾ ಊರಿನಲ್ಲಿ ಇಪ್ಪತ್ತು ವರ್ಷದಿಂದ ಜನರ ತಲೆಗೂದಲು ಕತ್ತರಿಸುತ್ತ ಬಂದವನು ಅವನು. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರಾಟಕ್ಕೆ ಕಾರಣ ಓವನ್. ಹೆಂಡತಿ ಲಿಯೊನಿಲ್ಡೆ ಚೀಸ್ ಹಾಕಿ ಸುಡುವ ಪಾಂದೆಬೊನೊ ಬನ್ನಿಗೆ ಬೀದಿಯಲ್ಲೆಲ್ಲ ಹೆಸರು. ಆದರೆ ಹಳೆಯ ಓವನ್ನಿನ ಬಾಗಿಲು ಕಿತ್ತುಬಂದು, ತಂತಿ ಬಿಗಿದರೂ ನಿಲ್ಲದೆ, ಬನ್ನು ಬೇಯುವಷ್ಟು ಹೊತ್ತೂ ಅವಳು ಅದಕ್ಕೆ ಬೆನ್ನು ಕೊಟ್ಟು ನಿಂತಿರಬೇಕಿತ್ತು. (ಆ ಬಾಗಿಲನ್ನು ‘ಸುಧಾರಿಸಲು’ ಹೋದ ಮಹಾಶಯ ಅರ್ನೋಬಿಯೊನೇ. ಫ್ಯಾನನ್ನು ಸುಧಾರಿಸಿದವನೂ ಅವನೇ. ಅಂದಿನಿಂದ ಅದು ತಿರುಗಿದರೆ ಪಕ್ಕದ ಮನೆಯವರು ಹೊರಗೆ ಬಂದು ಆಕಾಶ ನೋಡುತ್ತಾರೆ.) ಅಂಗಡಿಯವನು ಹೊಸ ಓವನ್ನನ್ನು ಸೋಮವಾರದವರೆಗೆ ಮಾತ್ರ ಎತ್ತಿಡುತ್ತೇನೆ ಎಂದಿದ್ದ. ಗಿರಾಕಿ ಬರುವುದು ಭಾನುವಾರ.

ಶನಿವಾರ ಬೆಳಿಗ್ಗೆ ಅರ್ನೋಬಿಯೊ, ಸೀಟಿನ ಹಿಂದೆ ಸದಾ ಕಟ್ಟಿಕೊಂಡೇ ಇರುತ್ತಿದ್ದ ಸ್ಪ್ಯಾನರ್ ಡಬ್ಬಿಯನ್ನು ಇಳಿಸಿ, ತೋಳೇರಿಸಿ, ಅಂಗಳದಲ್ಲಿ ಕುಳಿತ.

"ಏನು ಮಾಡ್ತಿದ್ದೀಯ?"

"ಬಿಚ್ತಿದ್ದೀನಿ. ನಾನು ಹಾಕಿಸಿದ್ದ ಸೈಲೆನ್ಸರು, ಹ್ಯಾಂಡಲ್ಲು, ಕನ್ನಡಿ, ನೀಲಿ ಲೈಟು, ಎಲ್ಲಾ. ಕಂಪನಿಯಿಂದ ಬಂದಿದ್ದ ಸಾಮಾನು ಹಾಕಿ ಕೊಟ್ಬಿಡ್ತೀನಿ."

"ಇದ್ದ ಹಾಗೇ ಕೊಟ್ರೆ ಗಂಟೇನು ಹೋಗುತ್ತೆ?"

"ಲಿಯೊ, ಇದಕ್ಕೆಲ್ಲ ಯಾರೂ ಒಂದು ಪೆಸೊ ಜಾಸ್ತಿ ಕೊಡಲ್ಲ. ಗಾಡಿ ತಗೊಳ್ಳೋರು ಗಾಡಿ ತಗೊಳ್ಲಿ. ನನ್ನ ಪ್ರಾಣ ಯಾಕೆ ತಗೊಂಡು ಹೋಗ್ಬೇಕು?"

"ಬಿಚ್ಚಿ ಏನು ಮಾಡ್ತೀಯ? ಫ್ರೇಮ್ ಹಾಕಿಸ್ತೀಯಾ?"

"ಮುಂದಿನ ಗಾಡಿಗೆ..." ಎಂದವನೇ ನಾಲಿಗೆ ಕಚ್ಚಿಕೊಂಡ.

ಲಿಯೊನಿಲ್ಡೆ ಸೊಂಟದ ಮೇಲೆ ಕೈಯಿಟ್ಟಳು. "ನೋಡಿ, ಸೆನ್ಯೋರ್ ಅರ್ನೋಬಿಯೊ," ಎಂದಳು. ಆ ಮನೆಯಲ್ಲಿ ಗಂಡನಿಗೆ ಮರ್ಯಾದೆ ಹೆಚ್ಚಾಯಿತೆಂದರೆ ಊಟ ಕಡಿಮೆಯಾಗುತ್ತದೆ ಎಂದೇ ಅರ್ಥ. "ನೀವು ಏನು ಬೇಕಾದ್ರೂ ಬಿಚ್ಕೊಳ್ಳಿ. ಸೋಮವಾರ ನನ್ನ ಅಡುಗೆಮನೇಲಿ ಓವನ್ ಇರಬೇಕು, ಅಷ್ಟೆ."

ಕಂಪನಿಯ ಸಾಮಾನೇನೋ ಮನೆಯಲ್ಲೇ ಇತ್ತು. ಆದರೆ ಐದು ವರ್ಷದಲ್ಲಿ ಒಂದೊಂದೂ ಒಂದೊಂದು ಉದ್ಯೋಗ ಹಿಡಿದಿತ್ತು. ಹಳೆಯ ಸೈಲೆನ್ಸರ್ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಆಸರೆ. ಹ್ಯಾಂಡಲ್ಲಿನ ಮೇಲೆ ಗಿಳಿಯ ವಾಸ. ಕನ್ನಡಿ ಅಡುಗೆಮನೆಯ ಕಿಟಕಿಯಲ್ಲಿ. ಗೇಟಿಗೆ ಬಂದವರು ಬಂಧುಗಳೋ ಚಂದಾ ಕೇಳುವವರೋ ಎಂದು ಲಿಯೊನಿಲ್ಡೆಗೆ ತಿರುಗದೆಯೇ ತಿಳಿಯುತ್ತಿತ್ತು. ಅರ್ನೋಬಿಯೊ ಎಲ್ಲವನ್ನೂ ಕೆಲಸದಿಂದ ಬಿಡಿಸಿಕೊಂಡು ಬಂದ. ಒಗೆದ ಬಟ್ಟೆ ಮಣ್ಣಿಗೆ ಬಿತ್ತು. ಗಿಳಿ ಅವನಿಂದಲೇ ಕಲಿತಿದ್ದ ಒಂದು ಬೈಗುಳವನ್ನು ಅವನಿಗೇ ವಾಪಸು ಕೊಟ್ಟಿತು. ಅವನು ಜಗ್ಗಲಿಲ್ಲ. ಸಂಜೆಯ ಹೊತ್ತಿಗೆ ಗಾಡಿ ಮದುವೆಗೆ ಹೊರಟ ಗುಮಾಸ್ತನಂತೆ ಸಭ್ಯವಾಗಿ ನಿಂತಿತ್ತು, ಅವನ ಪ್ರಾಣವೆಲ್ಲ ಮಂಚದ ಕೆಳಗೆ ಭದ್ರವಾಗಿತ್ತು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಗಿರಾಕಿ, ಮನೆಮನೆಗೆ ಊಟ ಮುಟ್ಟಿಸುವ, ಎಲ್ಲರೂ ಗೌರವದಿಂದ ‘ದೋನ್ಯಾ’ ಎನ್ನುವ ಎಡೆಲ್ಮಿರಾ. ಗಾಡಿ ಚಾಲೂ ಮಾಡಿ ನೋಡಿದರು, ಟೈರು ಒತ್ತಿದರು, ತಲೆಯಾಡಿಸಿದರು. ಅರ್ನೋಬಿಯೊ ಹೆಂಡತಿಯತ್ತ ಗೆದ್ದ ನೋಟ ಬೀರಿದ. ಅಷ್ಟರಲ್ಲಿ ಎಡೆಲ್ಮಿರಾರ ಕಣ್ಣು ಟ್ಯಾಂಕಿಗೆ ಅಂಟಿಸಿದ್ದ ಚಿತ್ರದ ಮೇಲೆ ಬಿತ್ತು.

"ಕಾರ್ಮೆನ್ ಮಾತೆ! ಹಬ್ಬಕ್ಕೆ ಕರ್ಕೊಂಡು ಹೋಗ್ತಿದ್ರಾ ಗಾಡೀನ?"

ಗಾಡಿ ಓಡಿಸುವವರನ್ನೆಲ್ಲ ಕಾಯುವ ಆ ಮಾತೆಯ ಜುಲೈ ತಿಂಗಳ ಹಬ್ಬದಂದು ಬಲೂನು ಕಟ್ಟಿಕೊಂಡು, ಹಾರ್ನ್ ಹೊಡೆಯುತ್ತ, ಪಾದ್ರಿಗಳ ಮುಂದೆ ಹಾದು ತೀರ್ಥ ಹಾಕಿಸಿಕೊಳ್ಳದ ಗಾಡಿಯನ್ನು ಆ ಊರಲ್ಲಿ ಯಾರೂ ನಂಬುವುದಿಲ್ಲ. ಅರ್ನೋಬಿಯೊ ಸುಮ್ಮನೆ "ಹೂಂ" ಎಂದಿದ್ದರೆ ಸಾಕಿತ್ತು.

"ಕೇಳ್ತೀರಾ! ಐದು ವರ್ಷ, ಒಂದು ಸಲಾನೂ ತಪ್ಪಿಸಿಲ್ಲ. ಬೇರೆ ಗಾಡಿಗೆಲ್ಲ ಪಾದ್ರಿಗಳು ನಾಲ್ಕು ಹನಿ ಚಿಮುಕಿಸ್ತಾರೆ. ನಮ್ಮದಕ್ಕೆ ಬಕೆಟ್ಟೇ ಬಗ್ಗಿಸ್ತಾರೆ! ಕಾದ ಸೈಲೆನ್ಸರ್ ಮೇಲೆ ಬಿದ್ದು ಚುಂಯ್ ಅಂತ ಹೊಗೆ ಏಳ್ತಿತ್ತು, ದೋನ್ಯಾ!"

ಎಡೆಲ್ಮಿರಾ ಶಿಲುಬೆಯ ಗುರುತು ಮಾಡಿಕೊಂಡು, ಬಗ್ಗಿ, ಸೈಲೆನ್ಸರನ್ನು ಮುಟ್ಟಿದರು. "ಇದರ ಮೇಲೇನಾ?"

ಲಿಯೊನಿಲ್ಡೆ ಬೇರೆ ಯಾವ ವಿಷಯದಲ್ಲಾದರೂ ಸುಳ್ಳು ಹೇಳಬಲ್ಲಳು, ಕಾರ್ಮೆನ್ ಮಾತೆಯ ಮುಂದೆ ಮಾತ್ರ ಆಗದು. "ಅದರ ಮೇಲಲ್ಲ," ಎಂದಳು. "ಅದು ನಿನ್ನೆವರೆಗೂ ಬಟ್ಟೆ ಹಗ್ಗ ಹಿಡ್ಕೊಂಡಿತ್ತು."

"ಹ್ಯಾಂಡಲ್ಲು?"

"ಗಿಳೀದು."

"ಕನ್ನಡಿ?"

"ನಂದು."

"ಚೆನ್ನಾಗಿದೆ! ತೀರ್ಥ ಬಿದ್ದಿದ್ದೆಲ್ಲ ನಿಮಗೆ. ನಾನು ಕಬ್ಬಿನ ಲಾರಿಗಳ ಮಧ್ಯೆ ಗಿಳಿ ಕೂರೋ ಕೋಲು ಹಿಡ್ಕೊಂಡು ಹೋಗ್ಬೇಕಾ?"

ಅರ್ನೋಬಿಯೊ ತಕ್ಷಣ ಧರ್ಮಪಂಡಿತನಾದ. "ಹಾಗಲ್ಲ, ದೋನ್ಯಾ. ಆಶೀರ್ವಾದ ಮೇಲಿನ ಸಾಮಾನಿಗೆ ಅಂಟ್ಕೊಳ್ಳಲ್ಲ, ನೇರ ಎಂಜಿನ್ನಿಗೆ ಇಳಿಯುತ್ತೆ."

"ಹೌದಾ? ನಡೀರಿ, ಪಾದ್ರಿಗಳನ್ನೇ ಕೇಳೋಣ."

ಪಾದ್ರಿಗಳನ್ನು ಕೇಳಿದರೆ ಬಕೆಟ್ಟಿನ ಸುಳ್ಳು ಬಯಲಾಗುತ್ತಿತ್ತು. ಅರ್ನೋಬಿಯೊ ಕೆಮ್ಮಿದ. ಎಡೆಲ್ಮಿರಾ ಕೈಚೀಲ ಹೆಗಲಿಗೇರಿಸಿ ಗೇಟಿನತ್ತ ತಿರುಗಿದರು. ಲಿಯೊನಿಲ್ಡೆ ಗಂಡನ ಮುಖವನ್ನೇ ನೋಡಿ, ಬಹಳ ಮೆತ್ತಗೆ, "ಸೆನ್ಯೋರ್ ಅರ್ನೋಬಿಯೊ, ತಾವು ಒಂದ್ನಿಮಿಷ ಒಳಗೆ ಬರ್ತೀರಾ?" ಎಂದಳು.

‘ತಾವು’ ಎಂಬುದನ್ನು ಅವನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಮಂಚದ ಕೆಳಗಿನ ಪ್ರಾಣ ಎರಡೇ ನಿಮಿಷದಲ್ಲಿ ಅಂಗಳಕ್ಕೆ ಬಂತು.

ಜೋಡಿಸಲು ಮೂರು ಗಂಟೆ ಹಿಡಿಯಿತು. ಎಡೆಲ್ಮಿರಾ ಕುರ್ಚಿಯಲ್ಲಿ ಕುಳಿತು ಪಾಂದೆಬೊನೊ ತಿನ್ನುತ್ತ ಉಸ್ತುವಾರಿ ನೋಡಿಕೊಂಡರು. ನೀಲಿ ಲೈಟುಗಳನ್ನಾದರೂ ಉಳಿಸಿಕೊಳ್ಳೋಣವೆಂದು ಅವನು ಮೆಲ್ಲನೆ ಜೇಬಿಗಿಳಿಸಿದ್ದ. "ಹೊಟ್ಟೆ ಕೆಳಗೆ ಎರಡು ತಂತಿ ನೇತಾಡ್ತಿದೆಯಲ್ಲ, ಅಲ್ಲೇನಿತ್ತು?" ಎಂದರು ಅವರು, ಬಾಯಲ್ಲಿ ಬನ್ನು ಇಟ್ಟುಕೊಂಡೇ. ಅವೂ ಹೋದವು. ಗಾಡಿ ಗುಡುಗುತ್ತ ಬೀದಿಯ ಕೊನೆ ತಿರುಗಿದಾಗ ಅರ್ನೋಬಿಯೊನ ಕಣ್ಣು ನಿಜಕ್ಕೂ ಒದ್ದೆಯಾಯಿತು. ಗಿಳಿ ತನ್ನ ಹ್ಯಾಂಡಲ್ ಏರಿ ಕುಳಿತು ರೆಕ್ಕೆ ಕೊಡವಿತು.

ಸೋಮವಾರ ಓವನ್ ಬಂತು. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವ, ಬೆನ್ನು ಬೇಡದ ಓವನ್. ಲಿಯೊನಿಲ್ಡೆ ಮೊದಲ ತಟ್ಟೆ ಒಳಗಿಟ್ಟು ಹಾಡು ಗುನುಗುತ್ತಿದ್ದಳು. ಅರ್ನೋಬಿಯೊ ಓವನ್ನನ್ನು ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. ಕಾಲು ತುಸು ಗಿಡ್ಡವಾಯಿತಲ್ಲವೇ? ಹಿಂದಿನ ಕೊಳವೆ ಇನ್ನಷ್ಟು ದಪ್ಪಗಿದ್ದರೆ ಉರಿ ಎಷ್ಟು ಚೆನ್ನಾಗಿ ಎಳೆಯುತ್ತಿತ್ತು! ಒಳಗೊಂದು ನೀಲಿ ಲೈಟು ಇದ್ದಿದ್ದರೆ...

"ಲಿಯೊ, ನನ್ನ ಸ್ಪ್ಯಾನರ್ ಡಬ್ಬಿ ಎಲ್ಲಿ?"

"ದೋನ್ಯಾ ಎಡೆಲ್ಮಿರಾಗೆ ಕೊಟ್ಟು ಕಳಿಸ್ದೆ."

"ಏನು? ಯಾಕೆ?"

ಅವಳು ಕಿಟಕಿಯ ಕನ್ನಡಿಯಲ್ಲೇ ಅವನನ್ನು ನೋಡಿದಳು, ತಿರುಗಲಿಲ್ಲ. "ಐದು ವರ್ಷದಿಂದ ಸೀಟಿನ ಹಿಂದೇನೇ ಕಟ್ಟಿರ್ತಿತ್ತಲ್ಲ ಅದು? ಅದರ ಮೇಲೂ ತೀರ್ಥ ಬೀಳದೇ ಇರುತ್ತಾ? ಪಾದ್ರಿಗಳು ಬಕೆಟ್ಟೇ ಬಗ್ಗಿಸ್ತಿದ್ರು ಅಂತ ನೀವೇ ಹೇಳಿದ್ರಲ್ಲ."